ಕೋಲು, ನೆರಳು, ಕ್ಯಾಲ್ಕುಲೇಟರ್: ಭೂಮಿಯ ಓರೆ ಮತ್ತು ಕಕ್ಷೆಯಿಂದ ಋತು, ವಾಯುಗುಣ ಹುಟ್ಟುವ ಬಗೆಯನ್ನು ನೀವೇ ಅಳೆದು ತಿಳಿಯುವ ಸಮಗ್ರ ಮಾರ್ಗದರ್ಶಿ

ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಇಡೀ ವರ್ಷದಲ್ಲೇ ಅತಿ ಸಮೀಪ ಇರುತ್ತದೆ, ಸುಮಾರು 14.71 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದ ಹೊತ್ತಿಗೆ ಆ ದೂರ 15.21 ಕೋಟಿಗೆ ಏರಿರುತ್ತದೆ. ಹತ್ತಿರ ಇದ್ದಾಗ ಉತ್ತರ ಗೋಳಾರ್ಧಕ್ಕೆ ಚಳಿಗಾಲ, 50 ಲಕ್ಷ ಕಿಲೋಮೀಟರ್ ದೂರ ಸರಿದಾಗ ಬೇಸಿಗೆ. ಅದೇ ಜನವರಿಯಲ್ಲಿ ದಕ್ಷಿಣ ಗೋಳಾರ್ಧ ಬೇಸಿಗೆಯಲ್ಲಿ ಬೇಯುತ್ತಿರುತ್ತದೆ. ಗ್ರಹ ಒಂದೇ, ದಿನ ಒಂದೇ, ಸೂರ್ಯನಿಂದ ದೂರವೂ ಒಂದೇ. ಋತು ಮಾತ್ರ ಎರಡು. ದೂರದಿಂದ ಋತು ಹುಟ್ಟುತ್ತದೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗಬೇಕು. ಆದರೂ ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಅದೇ ಉತ್ತರ ಬರುವುದನ್ನು ಕೇಳುತ್ತಲೇ ಇರುತ್ತೇನೆ. ನಾವು ಈ ಪಾಠವನ್ನು ಬಾಯಿಪಾಠ ಮಾಡಿದ್ದೇವೆ, ಅಳೆದು ನೋಡಿಲ್ಲ. ನನ್ನ ಪ್ರಕಾರ ಕಾರಣ ಅಷ್ಟೇ.

ಅಳೆಯುವುದು ಕಷ್ಟದ ಕೆಲಸವಲ್ಲ. ಒಂದು ನೇರ ಕೋಲು, ಟಾರ್ಚು, ಚೌಕುಳಿ ಹಾಳೆ, ಒಂದು ಚೆಂಡು, ಮೇಜಿನ ದೀಪ, ಸೈನ್ ಮತ್ತು ಟ್ಯಾನ್ ಗುಂಡಿಗಳಿರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಮೊಬೈಲಿನದೇ ಆಗಬಹುದು. ಮೊದಲ ಮೂರು ಹೆಜ್ಜೆಗಳು ಒಂದೇ ಸಂಜೆಯಲ್ಲಿ ಮುಗಿಯುತ್ತವೆ. ನಾಲ್ಕನೆಯದಕ್ಕೆ ಆರು ತಿಂಗಳು ಬೇಕು, ಆದರೆ ದಿನವೂ ಅಲ್ಲ. ಉಳಿದದ್ದೆಲ್ಲ ಲೆಕ್ಕ.

ಹೆಜ್ಜೆ 1: ಕಕ್ಷೆಯನ್ನು ಅಳತೆ ತಪ್ಪದಂತೆ ಬಿಡಿಸಿ

ಪಠ್ಯಪುಸ್ತಕಗಳ ಚಿತ್ರದಲ್ಲಿ ಭೂಮಿಯ ಹಾದಿ ಮೊಟ್ಟೆಯಾಕಾರದಲ್ಲಿರುತ್ತದೆ. ಓರೆಯಿಂದ ನೋಡಿದ ನೋಟವನ್ನು ಬಿಡಿಸಿರುತ್ತಾರೆ, ಅದು ತಪ್ಪಲ್ಲ. ಆದರೆ ನೋಡುವ ಮಗುವಿನ ಮನಸ್ಸಿನಲ್ಲಿ ಸೂರ್ಯ ಕೆಲವು ತಿಂಗಳು ತೀರಾ ಹತ್ತಿರ, ಕೆಲವು ತಿಂಗಳು ತೀರಾ ದೂರ ಎಂದು ಅಚ್ಚೊತ್ತುತ್ತದೆ. ಆ ಚಿತ್ರವನ್ನು ಅಳಿಸುವುದರಿಂದಲೇ ಶುರು ಮಾಡೋಣ.

ಕೈವಾರದಿಂದ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಕೇಂದ್ರದಿಂದ 1.7 ಮಿಲಿಮೀಟರ್ ಪಕ್ಕಕ್ಕೆ ಒಂದು ಚುಕ್ಕೆ ಇಡಿ. ಆ ಚುಕ್ಕೆಯೇ ಸೂರ್ಯ, ವೃತ್ತವೇ ಭೂಮಿಯ ಕಕ್ಷೆ. ಮುಗಿಯಿತು. ಕಕ್ಷೆ ನಿಜಕ್ಕೂ ದೀರ್ಘವೃತ್ತವೇ. ಆದರೆ ಈ ಅಳತೆಯಲ್ಲಿ ಅದರ ಉದ್ದದ ತ್ರಿಜ್ಯಕ್ಕೂ ಗಿಡ್ಡದ ತ್ರಿಜ್ಯಕ್ಕೂ ಇರುವ ವ್ಯತ್ಯಾಸ 0.014 ಮಿಲಿಮೀಟರ್. ನಿಮ್ಮ ಪೆನ್ಸಿಲ್ ಗೆರೆ ಅದಕ್ಕಿಂತ ಎಷ್ಟೋ ದಪ್ಪ. ಕಕ್ಷೆಯ ಉತ್ಕೇಂದ್ರತೆ 0.0167 ಎಂದರೆ ಇಷ್ಟೇ: ಹಾದಿ ಹೆಚ್ಚುಕಡಿಮೆ ದುಂಡಗಿದೆ, ಸೂರ್ಯ ಮಾತ್ರ ನಡುವಿನಿಂದ ಕೊಂಚ ಸರಿದು ಕೂತಿದ್ದಾನೆ.

ಇನ್ನೊಂದು ತಪ್ಪು ಎಣಿಕೆಯನ್ನೂ ಇಲ್ಲೇ ಮುಗಿಸಬಹುದು. ಸೂರ್ಯನತ್ತ ಬಾಗಿದ ಅರ್ಧಗೋಳ ಸೂರ್ಯನಿಗೆ ಹತ್ತಿರವಾಗುತ್ತದೆ, ಆದ್ದರಿಂದ ಬಿಸಿ ಎಂದು ಹಲವರು ಹೇಳುತ್ತಾರೆ. ಭೂಮಿಯ ಇಡೀ ವ್ಯಾಸವೇ 12,742 ಕಿಲೋಮೀಟರ್. ಸೂರ್ಯನ ದೂರದಲ್ಲಿ ಅದು ಹತ್ತು ಸಾವಿರದ ಒಂದು ಪಾಲಿಗೂ ಕಡಿಮೆ. ನೀವು ಎಳೆದ ಚಿತ್ರದಲ್ಲಿ ಅದನ್ನು ತೋರಿಸಲು ಸೂಜಿಮೊನೆಯೂ ದೊಡ್ಡದಾಯಿತು.

ಹೆಜ್ಜೆ 2: ಅಕ್ಷದ ದಿಕ್ಕು ಬದಲಾಗದಂತೆ ಚೆಂಡನ್ನು ಸುತ್ತಿಸಿ

ಕೋಣೆಯ ನಡುವೆ ನೆರಳುಗವಸು ತೆಗೆದ ದೀಪ ಹಚ್ಚಿಡಿ. ಚೆಂಡಿಗೆ ಉದ್ದನೆಯ ಕಡ್ಡಿ ಚುಚ್ಚಿ, ನಡುವೆ ಸಮಭಾಜಕ ವೃತ್ತದ ಗೆರೆ ಹಾಕಿ. ಉತ್ತರ ಗೋಳಾರ್ಧದಲ್ಲಿ ಒಂದು ಕಡೆ ಶಾಯಿಯಿಂದ ಚುಕ್ಕೆ ಇಡಿ. ಕಡ್ಡಿಯನ್ನು ನೆಟ್ಟನೆಯ ನಿಲುವಿನಿಂದ ಸುಮಾರು 23 ಡಿಗ್ರಿ, ಅಂದರೆ ಲಂಬಕೋನದ ಕಾಲು ಭಾಗದಷ್ಟು ವಾಲಿಸಿ. ಗೋಡೆಯ ಮೇಲ್ಭಾಗದಲ್ಲಿ ಒಂದು ಗುರುತು ಆರಿಸಿಕೊಂಡು ಕಡ್ಡಿಯ ಮೇಲಿನ ತುದಿ ಅದರತ್ತಲೇ ಚಾಚಿರುವಂತೆ ಹಿಡಿಯಿರಿ. ಈಗ ದೀಪದ ಸುತ್ತ ನಡೆಯಿರಿ.

ಇಡೀ ಪ್ರಯೋಗದ ಜೀವಾಳ ಇರುವುದು ಆ ಗುರುತಿನಲ್ಲಿ. ನಡೆಯುತ್ತ ಹೋದಂತೆ ಕೈ ತಾನಾಗಿ ತಿರುಗಿ, ಕಡ್ಡಿ ಯಾವಾಗಲೂ ದೀಪದತ್ತಲೇ ಬಾಗಿರುವಂತೆ ಮಾಡಿಬಿಡುತ್ತದೆ. ಹಾಗಾದರೆ ಋತುವೇ ಬದಲಾಗುವುದಿಲ್ಲ, ಉತ್ತರಕ್ಕೆ ಸದಾ ಬೇಸಿಗೆ. ಭೂಮಿಯ ಅಕ್ಷ ವರ್ಷವಿಡೀ ಆಕಾಶದ ಒಂದೇ ಕಡೆಗೆ, ಧ್ರುವನಕ್ಷತ್ರದ ಸಮೀಪಕ್ಕೆ, ಚಾಚಿರುತ್ತದೆ. ಅದು ಎಂದೂ ಸೂರ್ಯನತ್ತ "ತಿರುಗುವುದಿಲ್ಲ". ಭೂಮಿ ಜಾಗ ಬದಲಿಸುತ್ತದೆ, ಆದ್ದರಿಂದ ಅದೇ ವಾಲು ಒಮ್ಮೆ ಸೂರ್ಯನ ಕಡೆಗೆ, ಆರು ತಿಂಗಳ ನಂತರ ಅವನಿಂದಾಚೆಗೆ ಬೀಳುತ್ತದೆ.

ನಾಲ್ಕು ಕಡೆ ನಿಂತು ಚೆಂಡನ್ನು ಕಡ್ಡಿಯ ಮೇಲೆ ತಿರುಗಿಸಿ ನೋಡಿ. ಕಡ್ಡಿ ದೀಪದತ್ತ ಬಾಗಿರುವಲ್ಲಿ ಉತ್ತರ ತುದಿಯ ಸುತ್ತ ಬೆಳಕು ಆರುವುದೇ ಇಲ್ಲ, ನಿಮ್ಮ ಚುಕ್ಕೆ ಬೆಳಕಿನಲ್ಲಿ ಹೆಚ್ಚು ಹೊತ್ತು, ಕತ್ತಲಲ್ಲಿ ಕಡಿಮೆ ಹೊತ್ತು ಇರುತ್ತದೆ. ಇದು ಜೂನ್ 20-21ರ ಅಯನ ದಿನ. ಎದುರು ಬದಿಯಲ್ಲಿ ಡಿಸೆಂಬರ್ 21-22, ಎಲ್ಲವೂ ತಿರುಗುಮುರುಗು. ನಡುವಿನ ಎರಡು ಜಾಗಗಳಲ್ಲಿ ಕಡ್ಡಿ ವಾಲಿದ್ದರೂ ದೀಪದತ್ತಲೂ ಅಲ್ಲ, ಅದರಿಂದಾಚೆಗೂ ಅಲ್ಲ, ಪಕ್ಕಕ್ಕೆ. ಅಲ್ಲಿ ಬೆಳಕಿನ ಅಂಚು ಎರಡೂ ಧ್ರುವಗಳನ್ನು ಹಾದುಹೋಗುತ್ತದೆ. ಅವು ಮಾರ್ಚ್ 20-21 ಮತ್ತು ಸೆಪ್ಟೆಂಬರ್ 22-23ರ ವಿಷುವ ದಿನಗಳು.

ಹೆಜ್ಜೆ 3: ಕಿರಣ ಹರಡಿಕೊಳ್ಳುವುದನ್ನು ಎಣಿಸಿ

ಟಾರ್ಚಿನ ಬಾಯಿಗೆ ಕಪ್ಪು ಕಾಗದದ ಕೊಳವೆ ಸುತ್ತಿ, ಬೆಳಕು ಅಗಲವಾಗದಂತೆ ಮಾಡಿ. ಚೌಕುಳಿ ಹಾಳೆಯ ಮೇಲೆ ನೇರವಾಗಿ ಹಿಡಿದು ಬೆಳಗಿದ ಚೌಕಗಳನ್ನು ಎಣಿಸಿ. ನಂತರ ಅದೇ ದೂರದಿಂದ, ಹಾಳೆಗೆ 30 ಡಿಗ್ರಿ ಕೋನದಲ್ಲಿ ಹಿಡಿದು ಎಣಿಸಿ. ಚೌಕಗಳು ಸುಮಾರು ಎರಡರಷ್ಟಾಗಿರುತ್ತವೆ. ಬೆಳಕು ಅಷ್ಟೇ, ಹಂಚಿಕೊಳ್ಳುವ ಜಾಗ ಇಮ್ಮಡಿ, ಆದ್ದರಿಂದ ಒಂದು ಚೌಕದ ಪಾಲಿಗೆ ಅರ್ಧ. ಸೂರ್ಯನ ಉನ್ನತ ಕೋನದ, ಅಂದರೆ ದಿಗಂತದಿಂದ ಅವನಿರುವ ಎತ್ತರದ ಕೋನದ, ಸೈನ್ ಬೆಲೆಯೇ ನೆಲಕ್ಕೆ ಸಿಗುವ ಪಾಲು: 90 ಡಿಗ್ರಿಗೆ 1, 30 ಡಿಗ್ರಿಗೆ 0.5.

ಹೆಜ್ಜೆ 4: ಕೋಲು ನೆಟ್ಟು ಸೂರ್ಯನನ್ನು ಹಿಂಬಾಲಿಸಿ

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ಥೆನೀಸ್ ಭೂಮಿಯ ಸುತ್ತಳತೆಯನ್ನು ಅಂದಾಜು ಮಾಡಿದ್ದು ಇಂಥದೇ ನೆರಳಿನಿಂದ. ಈಜಿಪ್ಟಿನ ಸಯೀನ್‌ನಲ್ಲಿ (ಈಗಿನ ಅಸ್ವಾನ್) ಜೂನ್ ಅಯನ ದಿನದ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ವೃತ್ತದ ಐವತ್ತನೆಯ ಒಂದು ಭಾಗ. ಸಲಕರಣೆ ಆಗ ಇದ್ದದ್ದೇ ಈಗಲೂ ಸಾಕು.

ಒಂದು ಮೀಟರ್ ಎತ್ತರದ ಕೋಲನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನೆಲ ಸಮವಾಗಿದೆಯೇ ಎಂದು ರಸಮಟ್ಟದಿಂದ ನೋಡಿ. ಕೋಲು ನೆಟ್ಟಗಿದೆಯೇ ಎಂಬುದಕ್ಕೆ ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಿ. ಒಂದು ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ: ನೆರಳಿನ ತುದಿ ಮಸುಕು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಂಬ, ಅದಕ್ಕೇ ಅಂಚು ಕರಗಿದಂತಿರುತ್ತದೆ. ಕೋಲಿನ ತುದಿಗೆ ರಟ್ಟಿನ ತುಂಡು ಅಂಟಿಸಿ, ಅದರಲ್ಲಿ 3-4 ಮಿಲಿಮೀಟರಿನ ರಂಧ್ರ ಮಾಡಿ. ಈಗ ನೆರಳಿನ ನಡುವೆ ಒಂದು ದುಂಡನೆಯ ಬೆಳಕಿನ ಬೊಟ್ಟು ಬೀಳುತ್ತದೆ. ಅದು ಸೂರ್ಯನ ಬಿಂಬವೇ. ಅದರ ನಡುಮಧ್ಯವನ್ನು ಗುರುತಿಸಿದರೆ ಅಳತೆ ಮಿಲಿಮೀಟರಿನ ಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಎತ್ತರವನ್ನು ರಂಧ್ರದಿಂದಲೂ ನೆರಳಿನ ಉದ್ದವನ್ನು ರಂಧ್ರದ ನೇರ ಕೆಳಗಿನ ಬಿಂದುವಿನಿಂದಲೂ ಅಳೆಯಿರಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡುವ ಅಗತ್ಯ ಎಲ್ಲಿಯೂ ಇಲ್ಲ, ನೋಡಲೂ ಬಾರದು.

ಗಡಿಯಾರದ 12 ಗಂಟೆಯನ್ನು ಮಧ್ಯಾಹ್ನವೆಂದು ನಂಬಬೇಡಿ. ಸೂರ್ಯ ತನ್ನ ಅತಿ ಎತ್ತರ ಮುಟ್ಟುವ ಹೊತ್ತು ನಿಮ್ಮ ರೇಖಾಂಶದ ಮೇಲೆ ನಿಂತಿದೆ. ಅದರ ಮೇಲೆ, ಓರೆ ಮತ್ತು ಕಕ್ಷೆ ಎರಡೂ ಸೇರಿ ಅದನ್ನು ಫೆಬ್ರವರಿಯಲ್ಲಿ ಸುಮಾರು 14 ನಿಮಿಷ ತಡವಾಗಿ, ನವೆಂಬರ್ ಮೊದಲಲ್ಲಿ ಸುಮಾರು 16 ನಿಮಿಷ ಬೇಗ ಬರುವಂತೆ ಮಾಡುತ್ತವೆ. ಉತ್ತರ-ದಕ್ಷಿಣ ಗೆರೆಯನ್ನು ನೆರಳಿನಿಂದಲೇ ಹುಡುಕಿ. ಬುಡವನ್ನು ಕೇಂದ್ರವಾಗಿಟ್ಟು ನೆಲದ ಮೇಲೆ ಒಂದು ವೃತ್ತ ಎಳೆಯಿರಿ. ಬೆಳಗ್ಗೆ ಗಿಡ್ಡವಾಗುತ್ತ ಬರುವ ನೆರಳಿನ ತುದಿ ವೃತ್ತದೊಳಕ್ಕೆ ಹೊಕ್ಕ ಜಾಗವನ್ನೂ ಮಧ್ಯಾಹ್ನದ ನಂತರ ಹೊರಬಿದ್ದ ಜಾಗವನ್ನೂ ಗುರುತಿಸಿ. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದರ ಮಧ್ಯಬಿಂದುವಿನಿಂದ ಬುಡಕ್ಕೆ ಎಳೆದ ಗೆರೆ ಉತ್ತರ-ದಕ್ಷಿಣ. ಇನ್ನು ಮುಂದೆ ಬೆಳಕಿನ ಬೊಟ್ಟು ಈ ಗೆರೆಯನ್ನು ದಾಟುವ ಕ್ಷಣವೇ ನಿಮ್ಮ ಮಧ್ಯಾಹ್ನ.

ವಾರಕ್ಕೊಂದು ಗುರುತು ಸಾಕು. ಮುಖ್ಯವಾದವು ಎರಡು ಅಯನ ದಿನಗಳು, ಅವುಗಳ ನಡುವಿನ ವಿಷುವ ದಿನ. ಅಯನದಂದು ಮೋಡ ಕವಿದರೆ ಬೇಸರ ಬೇಡ, ಅದರ ಹಿಂದುಮುಂದಿನ ಒಂದು ವಾರದಲ್ಲಿ ಸೂರ್ಯನ ಎತ್ತರ 0.2 ಡಿಗ್ರಿಯಷ್ಟೂ ಬದಲಾಗುವುದಿಲ್ಲ. ವಿಷುವದಂದು ಹಾಗಲ್ಲ, ದಿನಕ್ಕೆ 0.4 ಡಿಗ್ರಿಯಂತೆ ಓಡುತ್ತಿರುತ್ತದೆ.

ವಿಷುವದ ದಿನ ಸಾಧ್ಯವಾದರೆ ಬೆಳಗ್ಗೆಯಿಂದ ಸಂಜೆವರೆಗೂ ಗಂಟೆಗೊಮ್ಮೆ ಗುರುತು ಹಾಕಿ. ಉಳಿದ ದಿನಗಳಲ್ಲಿ ಬಾಗಿದ ಗೆರೆಯಾಗಿ ಸಾಗುವ ನೆರಳಿನ ತುದಿ ಅಂದು ಮಾತ್ರ ಪಶ್ಚಿಮದಿಂದ ಪೂರ್ವಕ್ಕೆ ದಾರ ಹಿಡಿದಂತೆ ನೇರವಾಗಿ ಸಾಗುತ್ತದೆ. ಖಗೋಳಶಾಸ್ತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಚೆಂದದ ನೋಟ ಇನ್ನೊಂದಿಲ್ಲ.

ಹೆಜ್ಜೆ 5: ನೆರಳಿನಿಂದ ಭೂಮಿಯ ಓರೆಯನ್ನು ತೆಗೆಯಿರಿ

ಕೋಲಿನ ಎತ್ತರವನ್ನು ನೆರಳಿನ ಉದ್ದದಿಂದ ಭಾಗಿಸಿ, ಬಂದದ್ದರ ವಿಲೋಮ ಟ್ಯಾನ್ ತೆಗೆದರೆ ಸೂರ್ಯನ ಉನ್ನತ ಕೋನ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಂದು ಮೀಟರ್ ಕೋಲಿನ ನೆರಳು ಜೂನ್ ಅಯನದಂದು 50 ಸೆಂಟಿಮೀಟರ್, ವಿಷುವದಂದು 119, ಡಿಸೆಂಬರ್ ಅಯನದಂದು 335 ಸೆಂಟಿಮೀಟರ್ ಬೀಳುತ್ತದೆ. ಕೋನಗಳು 63.4, 40 ಮತ್ತು 16.6 ಡಿಗ್ರಿ. ಮೊದಲನೆಯದರಿಂದ ಕೊನೆಯದನ್ನು ಕಳೆದು ಅರ್ಧ ಮಾಡಿ: 23.4. ಅದೇ ಭೂಮಿಯ ಓರೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 40, ಅದನ್ನು 90ರಿಂದ ಕಳೆದರೆ ನಿಮ್ಮ ಅಕ್ಷಾಂಶ. ಒಂದು ಕೋಲಿನಿಂದ ಗ್ರಹದ ವಾಲೂ ಸಿಕ್ಕಿತು, ಅದರ ಮೇಲೆ ನೀವು ನಿಂತ ಜಾಗವೂ ಸಿಕ್ಕಿತು.

ಸಮಭಾಜಕಕ್ಕೂ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವವರು ಒಂದು ಎಚ್ಚರ ವಹಿಸಬೇಕು. ಉದಾಹರಣೆಗೆ 15 ಡಿಗ್ರಿ ಉತ್ತರದಲ್ಲಿ ಜೂನ್ ಮಧ್ಯಾಹ್ನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, 15 ಸೆಂಟಿಮೀಟರಿನ ಪುಟ್ಟ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಕೋನವನ್ನು ಆಗಲೂ ದಕ್ಷಿಣ ದಿಗಂತದಿಂದಲೇ ಎಣಿಸಿ: 81.6 ಅಲ್ಲ, 98.4. ಡಿಸೆಂಬರಿನಲ್ಲಿ ನೆರಳು 79 ಸೆಂಟಿಮೀಟರ್, ಕೋನ 51.6. ವ್ಯತ್ಯಾಸದ ಅರ್ಧ ಮತ್ತೆ 23.4. ಮಕರ ಸಂಕ್ರಾಂತಿ ವೃತ್ತದ ಕಡೆಗಿರುವವರಿಗೆ ದಿಕ್ಕುಗಳು ಅದಲುಬದಲು.

ಅಯನಗಳ ನಡುವಿನ ಯಾವುದೇ ದಿನ ಸೂರ್ಯ ಯಾವ ಅಕ್ಷಾಂಶದ ನೆತ್ತಿಯ ಮೇಲಿರುತ್ತಾನೆ ಎಂಬುದನ್ನು ಒಂದು ಡಿಗ್ರಿಯ ಒಳಗೆ ಹೇಳುವ ಸುಲಭ ಲೆಕ್ಕವಿದೆ. ಜನವರಿ 1 ಅನ್ನು 1 ಎಂದು ಹಿಡಿದು ದಿನದ ಸಂಖ್ಯೆಗೆ 10 ಕೂಡಿ, 360ರಿಂದ ಗುಣಿಸಿ, 365ರಿಂದ ಭಾಗಿಸಿ. ಬಂದ ಕೋನದ ಕಾಸ್ ಬೆಲೆಯನ್ನು −23.44ರಿಂದ ಗುಣಿಸಿ. ಏಪ್ರಿಲ್ 30 ಎಂದರೆ 120ನೆಯ ದಿನ, ಬರುವ ಬೆಲೆ 14.5 ಡಿಗ್ರಿ. ಬೆಲೆ ಧನವಾದರೆ ಉತ್ತರ ಅಕ್ಷಾಂಶ, ಋಣವಾದರೆ ದಕ್ಷಿಣ.

ಹೆಜ್ಜೆ 6: ಹಗಲಿನ ಉದ್ದವನ್ನು ಸೇರಿಸಿ

ಅಕ್ಷಾಂಶದ ಟ್ಯಾನ್ ಅನ್ನು ಹೆಜ್ಜೆ 5ರ ನೆತ್ತಿಯ ಅಕ್ಷಾಂಶದ ಟ್ಯಾನ್‌ನಿಂದ ಗುಣಿಸಿ, ಚಿಹ್ನೆ ತಿರುಗಿಸಿ, ವಿಲೋಮ ಕಾಸ್ ತೆಗೆಯಿರಿ. ಬಂದ ಡಿಗ್ರಿಗಳನ್ನು 7.5ರಿಂದ ಭಾಗಿಸಿದರೆ ಹಗಲಿನ ಗಂಟೆಗಳು. 15 ಡಿಗ್ರಿಯಲ್ಲಿ ಅತಿ ದೀರ್ಘ ಹಗಲು 12.9 ಗಂಟೆ, ಅತಿ ಗಿಡ್ಡದ್ದು 11.1. 50 ಡಿಗ್ರಿಯಲ್ಲಿ 16.1 ಮತ್ತು 7.9. 60 ಡಿಗ್ರಿಯಲ್ಲಿ 18.5 ಮತ್ತು 5.5. ವಾತಾವರಣ ಬೆಳಕನ್ನು ಬಾಗಿಸುವುದರಿಂದ ನಿಜವಾದ ಹಗಲು ಇದಕ್ಕಿಂತ ಕೆಲವು ನಿಮಿಷ ಹೆಚ್ಚು. 66.6 ಡಿಗ್ರಿ ದಾಟಿದರೆ ಅಯನದ ಹೊತ್ತಿಗೆ ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಅದು ಸರಿಯೇ. ಅಲ್ಲಿ ಅಂದು ಸೂರ್ಯ ಮುಳುಗುವುದಿಲ್ಲ, ಅಥವಾ ಹುಟ್ಟುವುದೇ ಇಲ್ಲ.

ಹೆಜ್ಜೆ 7: ಕೋನ, ಹಗಲು ಎರಡನ್ನೂ ಕೂಡಿಸಿ ದಿನದ ಬಿಸಿಲು ಲೆಕ್ಕ ಹಾಕಿ

ಭೂಮಿಯ ಸರಾಸರಿ ದೂರದಲ್ಲಿ ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಶಕ್ತಿ ಬೀಳುತ್ತದೆ. ಜೂನ್ ಅಯನದ ಹೊತ್ತಿಗೆ ದೂರ ಹೆಚ್ಚಿರುವುದರಿಂದ 1318, ಡಿಸೆಂಬರಿನಲ್ಲಿ 1407. ಅಕ್ಷಾಂಶವನ್ನು ಅ ಎಂದೂ ಸೂರ್ಯ ನೆತ್ತಿಯ ಮೇಲಿರುವ ಅಕ್ಷಾಂಶವನ್ನು ಕ ಎಂದೂ ಹಿಂದಿನ ಹೆಜ್ಜೆಯ ವಿಲೋಮ ಕಾಸ್ ಕೋನವನ್ನು ಗ ಎಂದೂ ಕರೆಯೋಣ. ವಾತಾವರಣದ ಮೇಲ್ತುದಿಯಲ್ಲಿ 24 ಗಂಟೆಯ ಸರಾಸರಿ ಬಿಸಿಲು:

(ಆ ದಿನದ ವ್ಯಾಟ್ ÷ 3.1416) × (ಗ × ಸೈನ್ ಅ × ಸೈನ್ ಕ + ಕಾಸ್ ಅ × ಕಾಸ್ ಕ × ಸೈನ್ ಗ)

ಒಂಟಿಯಾಗಿ ನಿಂತ ಗ ಮಾತ್ರ ರೇಡಿಯನ್‌ನಲ್ಲಿರಬೇಕು, ಅಂದರೆ ಡಿಗ್ರಿಯನ್ನು 57.3ರಿಂದ ಭಾಗಿಸಿ.

50 ಡಿಗ್ರಿ ಉತ್ತರಕ್ಕೆ ಜೂನ್‌ನಲ್ಲಿ 482 ವ್ಯಾಟ್, ಡಿಸೆಂಬರಿನಲ್ಲಿ 86. ಐದೂವರೆ ಪಟ್ಟು ವ್ಯತ್ಯಾಸ! 15 ಡಿಗ್ರಿಯಲ್ಲಿ 442 ಮತ್ತು 327. ಉಷ್ಣವಲಯದಲ್ಲಿ ಚಳಿ ಏಕೆ ಹಗುರ, ಮಧ್ಯ ಅಕ್ಷಾಂಶಗಳಲ್ಲಿ ಏಕೆ ಅಷ್ಟು ಕಠೋರ ಎಂಬುದಕ್ಕೆ ಈ ನಾಲ್ಕು ಸಂಖ್ಯೆಗಳು ಸಾಕು.

ಈಗ ಉತ್ತರ ಧ್ರುವಕ್ಕೆ ಹಾಕಿ. ಜೂನ್ ಅಯನದಂದು ಅಲ್ಲಿ ಸೂರ್ಯ ದಿನವಿಡೀ 23.4 ಡಿಗ್ರಿ ಎತ್ತರದಲ್ಲೇ ಸುತ್ತುತ್ತಾನೆ. 1318ನ್ನು ಸೈನ್ 23.44ರಿಂದ ಗುಣಿಸಿದರೆ 524 ವ್ಯಾಟ್. ಅದೇ ದಿನ ಸಮಭಾಜಕದಲ್ಲಿ 385. ಅಂದರೆ ಆ ದಿನ ಧ್ರುವದ ಮೇಲಿನ ವಾತಾವರಣಕ್ಕೆ ಸಮಭಾಜಕಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು ಬಿಸಿಲು. ಮೊದಲ ಸಲ ಲೆಕ್ಕ ಹಾಕಿದವರು ತಪ್ಪಾಗಿರಬೇಕೆಂದು ಮತ್ತೆ ಗುಣಿಸುತ್ತಾರೆ. ತಪ್ಪಿಲ್ಲ. ಹಾಗಾದರೆ ಧ್ರುವ ಏಕೆ ಕಾಯುವುದಿಲ್ಲ? ಓರೆಯಾಗಿ ಬರುವ ಕಿರಣ ಹೆಚ್ಚು ಗಾಳಿಯನ್ನು ಸೀಳಿಕೊಂಡು ಬರಬೇಕು. ತಲುಪಿದ ಬೆಳಕಿನಲ್ಲಿ ಹೊಸ ಹಿಮ 80ರಿಂದ 90 ಪ್ರತಿಶತವನ್ನು ಹಿಂದಕ್ಕೆ ಎಸೆಯುತ್ತದೆ. ಉಳಿದದ್ದು ಮಂಜುಗಡ್ಡೆ ಕರಗಿಸುವುದರಲ್ಲಿ ಕಳೆಯುತ್ತದೆ, ಒಂದು ಕಿಲೋ ಮಂಜುಗಡ್ಡೆ ತಾಪಮಾನ ಒಂದು ಡಿಗ್ರಿಯೂ ಏರದೆ 334 ಕಿಲೋಜೂಲ್ ನುಂಗುತ್ತದೆ. ಆರು ತಿಂಗಳ ಕತ್ತಲಲ್ಲಿ ಕೂಡಿಬಿದ್ದ ಚಳಿಯ ಬಾಕಿಯನ್ನು ಆ ಕೆಲವೇ ವಾರಗಳು ತೀರಿಸಲಾರವು. ಬಿಸಿಲು ಬೇರೆ, ಬಿಸಿ ಬೇರೆ. ಇಲ್ಲಿಯವರೆಗೆ ಜ್ಯಾಮಿತಿ ಸಾಕಾಯಿತು, ಇನ್ನು ಮುಂದೆ ನೆಲ, ನೀರು, ಗಾಳಿಯನ್ನೂ ಲೆಕ್ಕಕ್ಕೆ ತರಬೇಕು.

ಹೆಜ್ಜೆ 8: ಬಿಸಿಲು ಬಿಸಿಯಾಗುವ ತಡವನ್ನು ಗುರುತಿಸಿ

ನೆರಳಿನ ದಾಖಲೆಯ ಪಕ್ಕದಲ್ಲೇ ನಿಮ್ಮ ಊರಿನ ತಿಂಗಳ ಸರಾಸರಿ ತಾಪಮಾನ ಬರೆದುಕೊಳ್ಳಿ. ಮಧ್ಯ ಅಕ್ಷಾಂಶಗಳಲ್ಲಿ ಅತಿ ಹೆಚ್ಚು ಬಿಸಿಲು ಜೂನ್ ಅಯನಕ್ಕೆ, ಅತಿ ಹೆಚ್ಚು ಸೆಕೆ ಜುಲೈ ಕೊನೆಗೆ. ಒಳನಾಡಿನಲ್ಲಿ ಸುಮಾರು ಒಂದು ತಿಂಗಳು ತಡ, ಸಾಗರದ ಮೇಲ್ಮೈಯಲ್ಲಿ ಎರಡು ತಿಂಗಳಷ್ಟು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಒಣ ಮಣ್ಣಿಗಿಂತ ನಾಲ್ಕೈದು ಪಟ್ಟು ಶಾಖ ಬೇಕು. ಸಾಲದ್ದಕ್ಕೆ ಅಲೆಗಳು ಆ ಶಾಖವನ್ನು ಹತ್ತಾರು ಮೀಟರ್ ಆಳಕ್ಕೆ ಕಲಸಿಬಿಡುತ್ತವೆ.

ಸೈಬೀರಿಯಾದ ವೆರ್ಖೊಯಾನ್ಸ್ಕ್ ಮತ್ತು ನಾರ್ವೆ ಕರಾವಳಿಯ ಬೋಡೊ, ಎರಡೂ 67 ಡಿಗ್ರಿ ಉತ್ತರದ ಆಸುಪಾಸಿನಲ್ಲಿವೆ. ವರ್ಷವಿಡೀ ಎರಡರ ಮೇಲೂ ಬೀಳುವ ಬಿಸಿಲು ಹೆಚ್ಚುಕಡಿಮೆ ಒಂದೇ. ವೆರ್ಖೊಯಾನ್ಸ್ಕ್‌ನ ದಾಖಲೆ −67.8 ಡಿಗ್ರಿ ಸೆಲ್ಸಿಯಸ್‌ನಿಂದ 2020ರ ಜೂನ್‌ನ 38 ಡಿಗ್ರಿವರೆಗೆ ಚಾಚಿದೆ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರು, ಗಾಳಿ ತಾಗುವ ಬೋಡೊದ ಜನವರಿ ಸರಾಸರಿ ಶೂನ್ಯದ ಆಸುಪಾಸಿನಲ್ಲೇ ಇರುತ್ತದೆ. ಓರೆ ಬಿಸಿಲನ್ನು ಹಂಚುತ್ತದೆ, ಅದು ಯಾವ ವಾಯುಗುಣವಾಗುತ್ತದೆ ಎಂಬುದನ್ನು ಸಾಗರದ ದೂರ ತೀರ್ಮಾನಿಸುತ್ತದೆ.

ಉಷ್ಣವಲಯದಲ್ಲಿ ತಾಪಮಾನಕ್ಕಿಂತ ಮಳೆಯನ್ನು ನೋಡಿ. ಸೂರ್ಯ ನೆತ್ತಿಗೆ ಬಂದ ಕಡೆ ಗಾಳಿ ಕಾದು ಮೇಲೇರಿ ಮಳೆ ಸುರಿಸುವ ಪಟ್ಟಿಯೊಂದು ಭೂಮಿಯ ಸುತ್ತ ಹಬ್ಬಿರುತ್ತದೆ. ಸೂರ್ಯನ ಹಿಂದೆಯೇ ಅದು ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತದೆ. ಸಮಭಾಜಕದ ಬಳಿಯ ಪೂರ್ವ ಆಫ್ರಿಕಾದಲ್ಲಿ ಅದು ವರ್ಷಕ್ಕೆ ಎರಡು ಸಲ ಹಾದುಹೋಗುವುದರಿಂದ ಮಾರ್ಚ್-ಮೇ, ಅಕ್ಟೋಬರ್-ಡಿಸೆಂಬರ್ ಹೀಗೆ ಎರಡು ಮಳೆಗಾಲ. ದೊಡ್ಡ ಭೂಖಂಡ ಬೇಸಿಗೆಯಲ್ಲಿ ಪಕ್ಕದ ಸಾಗರಕ್ಕಿಂತ ಬೇಗ ಕಾಯುವ ಕಡೆ ಆ ಪಟ್ಟಿ ನೆಲದ ಒಳಕ್ಕೆ ಬಹುದೂರ ಎಳೆಯಲ್ಪಡುತ್ತದೆ, ಜೊತೆಗೆ ಸಾಗರದ ತೇವವೂ ಬರುತ್ತದೆ. ಮುಂಗಾರು ಹುಟ್ಟುವುದು ಹೀಗೆ.

ಹೆಜ್ಜೆ 9: ದೂರಕ್ಕೆ ಸಲ್ಲಬೇಕಾದ ಪಾಲು ಕೊಡಿ

ದೂರ ಋತುಗಳನ್ನು ಹುಟ್ಟಿಸುವುದಿಲ್ಲ, ಆದರೆ ಅದರ ಕೈವಾಡ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. 15.21ನ್ನು 14.71ರಿಂದ ಭಾಗಿಸಿ ವರ್ಗ ಮಾಡಿ: 1.069. ಜನವರಿಯಲ್ಲಿ ಇಡೀ ಭೂಮಿಗೆ ಜುಲೈಗಿಂತ ಸುಮಾರು 7 ಪ್ರತಿಶತ ಹೆಚ್ಚು ಬಿಸಿಲು. ಹಾಗಿದ್ದೂ ಇಡೀ ಭೂಮಿಯ ಸರಾಸರಿ ತಾಪಮಾನ ಜುಲೈನಲ್ಲೇ ಹೆಚ್ಚು. ನೆಲದ ಹೆಚ್ಚಿನ ಭಾಗ ಉತ್ತರದಲ್ಲಿದೆ, ನೆಲ ಬೇಗ ಕಾಯುತ್ತದೆ.

ಕ್ಯಾಲೆಂಡರ್ ತೆಗೆದು ಮಾರ್ಚ್ 20ರಿಂದ ಸೆಪ್ಟೆಂಬರ್ 22ರವರೆಗೆ ಎಣಿಸಿ: 186 ದಿನ. ಉಳಿದರ್ಧಕ್ಕೆ 179. ಸೂರ್ಯನಿಂದ ದೂರವಿದ್ದಾಗ ಭೂಮಿ ಸೆಕೆಂಡಿಗೆ 29.3 ಕಿಲೋಮೀಟರ್ ವೇಗದಲ್ಲಿ, ಹತ್ತಿರವಿದ್ದಾಗ 30.3ರಲ್ಲಿ ಓಡುತ್ತದೆ. ಆದ್ದರಿಂದಲೇ ಉತ್ತರದ ಬೇಸಿಗೆಯ ಅರ್ಧ ಒಂದು ವಾರ ಉದ್ದ.

ಮಂಗಳ ಗ್ರಹಕ್ಕೂ ಇದೇ ಲೆಕ್ಕ ಹಾಕಿ ನೋಡಿ. ಅದರ ವಾಲು 25.2 ಡಿಗ್ರಿ, ನಮ್ಮದರಷ್ಟೇ. ಆದರೆ ಸೂರ್ಯನಿಂದ ದೂರ 20.66 ಕೋಟಿಯಿಂದ 24.92 ಕೋಟಿ ಕಿಲೋಮೀಟರಿಗೆ ಏರಿಳಿಯುತ್ತದೆ, ಬಿಸಿಲಿನ ವ್ಯತ್ಯಾಸ 45 ಪ್ರತಿಶತ. ಅಲ್ಲಿ ದೂರವೂ ಋತುವನ್ನು ಆಳುತ್ತದೆ. ದಕ್ಷಿಣದ ಬೇಸಿಗೆ ಗಿಡ್ಡ, ತೀಕ್ಷ್ಣ.

ಹೆಜ್ಜೆ 10: ಅದೇ ಲೆಕ್ಕವನ್ನು ಸಾವಿರಾರು ವರ್ಷಗಳಿಗೆ ಚಾಚಿ

ಇಲ್ಲಿಯವರೆಗೆ ಓರೆ, ಕಕ್ಷೆಯ ಆಕಾರ, ಅಕ್ಷದ ದಿಕ್ಕು ಮೂರನ್ನೂ ಬದಲಾಗದವು ಎಂದು ಹಿಡಿದೆವು. ಮೂರೂ ನಿಧಾನವಾಗಿ ಬದಲಾಗುತ್ತವೆ.

ಓರೆ ಸುಮಾರು 41,000 ವರ್ಷಗಳ ಆವರ್ತದಲ್ಲಿ 22.1 ಮತ್ತು 24.5 ಡಿಗ್ರಿಗಳ ನಡುವೆ ತೂಗುತ್ತದೆ. ಈಗ ಇಳಿಯುತ್ತಿದೆ. ಹೆಜ್ಜೆ 7ರ ಧ್ರುವದ ಲೆಕ್ಕದಲ್ಲಿ ಈ ಎರಡು ಕೋನಗಳನ್ನು ಹಾಕಿ ನೋಡಿ, ಬೇಸಿಗೆ ಬಿಸಿಲಿನಲ್ಲಿ 10 ಪ್ರತಿಶತ ವ್ಯತ್ಯಾಸ ಬರುತ್ತದೆ. ಚಂದ್ರನ ಸೆಳೆತ ಇರುವುದರಿಂದಲೇ ಈ ತೂಗಾಟ ಇಷ್ಟು ಕಿರಿದಾಗಿದೆ.

ಅಕ್ಷದ ದಿಕ್ಕು ವೇಗ ಕಳೆದುಕೊಳ್ಳುವ ಬುಗುರಿಯ ತಲೆಯಂತೆ ಸುಮಾರು 26,000 ವರ್ಷಗಳಿಗೊಂದು ಸುತ್ತು ಬರುತ್ತದೆ. ಇದನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಗುರುತಿಸಿದ್ದ. ಕಕ್ಷೆಯೂ ನಿಧಾನವಾಗಿ ತಿರುಗುವುದರಿಂದ ಋತುಗಳ ಮಟ್ಟಿಗೆ ಈ ಸುತ್ತು ಸುಮಾರು 21,000 ವರ್ಷಗಳದ್ದು. ಸೂರ್ಯನಿಗೆ ಅತಿ ಹತ್ತಿರವಾಗುವ ದಿನ 1246ರಲ್ಲಿ ಡಿಸೆಂಬರ್ ಅಯನದ ಜೊತೆಗೇ ಬಂದಿತ್ತು. ಸುಮಾರು 58 ವರ್ಷಕ್ಕೊಂದು ದಿನದಂತೆ ಸರಿದು ಈಗ ಜನವರಿ ಮೊದಲ ವಾರಕ್ಕೆ ಬಂದಿದೆ.

ಕಕ್ಷೆಯ ಉತ್ಕೇಂದ್ರತೆ ಸುಮಾರು 1,00,000 ಮತ್ತು 4,05,000 ವರ್ಷಗಳ ಆವರ್ತಗಳಲ್ಲಿ ಶೂನ್ಯದ ಸಮೀಪದಿಂದ 0.06ರವರೆಗೆ ಬದಲಾಗುತ್ತದೆ. ಒಟ್ಟು ವರ್ಷದ ಬಿಸಿಲಿನಲ್ಲಿ ಇದರಿಂದ ಬರುವ ವ್ಯತ್ಯಾಸ 0.2 ಪ್ರತಿಶತಕ್ಕಿಂತ ಕಡಿಮೆ. ಆದರೆ ಉತ್ಕೇಂದ್ರತೆ 0.05 ಆದಾಗ ಹತ್ತಿರದ ದಿನಕ್ಕೂ ದೂರದ ದಿನಕ್ಕೂ ಇರುವ ಬಿಸಿಲಿನ ವ್ಯತ್ಯಾಸ 22 ಪ್ರತಿಶತಕ್ಕೆ ಏರುತ್ತದೆ.

ಸರ್ಬಿಯಾದ ಮಿಲುಟಿನ್ ಮಿಲಂಕೋವಿಚ್ (1879-1958) ಮಾಡಿದ್ದು ಇದೇ ಲೆಕ್ಕವನ್ನು, ಲಕ್ಷಾಂತರ ವರ್ಷಗಳಿಗೆ, ಕೈಯಲ್ಲೇ. ಮೊದಲನೆಯ ಮಹಾಯುದ್ಧದಲ್ಲಿ ಸೆರೆಯಾಗಿ ಬುಡಾಪೆಸ್ಟ್‌ನಲ್ಲಿದ್ದಾಗಲೂ ಅವರು ಅದನ್ನು ಬಿಡಲಿಲ್ಲ. ಹಿಮಯುಗಕ್ಕೆ ಕಡುಚಳಿಯ ಚಳಿಗಾಲ ಬೇಕೆಂದು ಸ್ಕಾಟ್ಲೆಂಡಿನ ಜೇಮ್ಸ್ ಕ್ರೋಲ್ 19ನೆಯ ಶತಮಾನದಲ್ಲಿ ವಾದಿಸಿದ್ದರು. ಮಿಲಂಕೋವಿಚ್, ಹವಾಮಾನ ವಿಜ್ಞಾನಿ ಕೊಪ್ಪೆನ್ ಅವರ ಸಲಹೆಯಂತೆ, ಪ್ರಶ್ನೆಯನ್ನು ತಿರುಗಿಸಿದರು. ಉತ್ತರದಲ್ಲಿ ಚಳಿಗಾಲಕ್ಕೆ ಹಿಮ ಹೇಗೂ ಬೀಳುತ್ತದೆ. ಅದು ಬೇಸಿಗೆಯನ್ನು ದಾಟಿ ಉಳಿಯುತ್ತದೆಯೇ ಎಂಬುದೇ ಮುಖ್ಯ. ಉಳಿದರೆ ಮೇಲೊಂದು ಪದರ ಕೂರುತ್ತದೆ, ಬಿಳಿ ನೆಲ ಬೆಳಕನ್ನು ಹಿಂದಕ್ಕೆಸೆದು ಇನ್ನಷ್ಟು ತಣ್ಣಗಾಗುತ್ತದೆ. ಅದಕ್ಕಾಗಿ ಅವರು ಆರಿಸಿಕೊಂಡದ್ದು 65 ಡಿಗ್ರಿ ಉತ್ತರದ ಬೇಸಿಗೆ ಬಿಸಿಲು. ಅವರ ಸಮಗ್ರ ಗ್ರಂಥ 1941ರಲ್ಲಿ ಪ್ರಕಟವಾಯಿತು. ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 1976ರಲ್ಲಿ, ಅವರು ತೀರಿಕೊಂಡ ಮೇಲೆ. ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಎಂಬ ವಿಜ್ಞಾನಿಗಳು ದಕ್ಷಿಣ ಹಿಂದೂ ಮಹಾಸಾಗರದ ತಳದ ಕೆಸರಿನಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳಲ್ಲಿ ಆಮ್ಲಜನಕದ ಐಸೋಟೋಪುಗಳನ್ನು (ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು, ಸುಮಾರು 1,00,000, 42,000 ಮತ್ತು 23,000 ವರ್ಷಗಳ ಲಯಗಳನ್ನು ಕಂಡರು.

ಬಿಸಿಲಿನ ಈ ಬದಲಾವಣೆ ಹಿಮಕ್ಕಷ್ಟೇ ತಟ್ಟುವುದಲ್ಲ. ಸುಮಾರು 11,000 ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಹತ್ತಿರವಾಗುತ್ತಿದ್ದದ್ದು ಉತ್ತರದ ಬೇಸಿಗೆಯಲ್ಲಿ. ನೆಲ ಹೆಚ್ಚು ಕಾಯಿತು, ಮಳೆಯ ಪಟ್ಟಿ ಆಫ್ರಿಕಾದ ಒಳಕ್ಕೆ ಇನ್ನಷ್ಟು ಸರಿಯಿತು. ಸಹಾರಾದಲ್ಲಿ ಹುಲ್ಲುಗಾವಲು, ಕೆರೆಗಳು ಹರಡಿದವು. ಚಾಡ್ ಸರೋವರ ಈಗಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿತ್ತು. ಅಲ್ಜೀರಿಯಾದ ತಾಸಿಲಿ ನಜ್ಜೇರ್ ಬಂಡೆಗಳ ಮೇಲೆ ಅಂದಿನವರು ದನಗಳ ಹಿಂಡು, ಜಿರಾಫೆ, ನೀರಾನೆಗಳನ್ನು ಬಿಡಿಸಿದ್ದಾರೆ. ಸುಮಾರು 5,000 ವರ್ಷಗಳ ಹಿಂದಿನ ಹೊತ್ತಿಗೆ ಮಳೆ ಹಿಂದೆ ಸರಿದು ಆ ನೆಲ ಮರಳಾಗಿತ್ತು.

ಹೆಜ್ಜೆ 11: ಈಗಿನ ತಾಪ ಏರಿಕೆಯನ್ನು ಇದೇ ಲೆಕ್ಕಕ್ಕೆ ಒಡ್ಡಿ

ವಾಯುಗುಣ ಹಿಂದೆಯೂ ಬದಲಾಗಿದೆ, ಇದೂ ಹಾಗೆಯೇ ಎಂಬ ಮಾತು ಕೇಳಿಬರುತ್ತದೆ. ಅಳತೆ ಕೈಯಲ್ಲಿರುವಾಗ ಊಹೆ ಬೇಕಿಲ್ಲ. ನೂರು ವರ್ಷಗಳಲ್ಲಿ ಭೂಮಿಯ ಓರೆ ಬದಲಾಗುವುದು 0.013 ಡಿಗ್ರಿ. ಸೂರ್ಯನಿಗೆ ಹತ್ತಿರದ ದಿನ ಸರಿಯುವುದು ಎರಡು ದಿನಕ್ಕಿಂತ ಕಡಿಮೆ. ಇವುಗಳ ದಿಕ್ಕೂ ಬೇರೆ: ಉತ್ತರದ ಬೇಸಿಗೆ ಬಿಸಿಲು ಸುಮಾರು 11,000 ವರ್ಷಗಳಿಂದ ಇಳಿಯುತ್ತ ಬಂದಿದೆ, ಅಂದರೆ ಕಕ್ಷೆಯ ಲೆಕ್ಕದಲ್ಲಿ ನಾವು ಬಲು ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು. ಆದರೆ 19ನೆಯ ಶತಮಾನದ ಕೊನೆಯಿಂದ ಈಚೆಗೆ ಸರಾಸರಿ ತಾಪಮಾನ 1 ಡಿಗ್ರಿಗಿಂತ ಹೆಚ್ಚು ಏರಿದೆ.

ಅಂಟಾರ್ಕ್ಟಿಕದ ಹಿಮದ ಆಳದಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು 8,00,000 ವರ್ಷಗಳ ಕಥೆ ಹೇಳುತ್ತವೆ. ಹಿಮಯುಗಗಳು ಬಂದುಹೋದಂತೆ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಒಳಗೇ ಏರಿಳಿದಿದೆ. ಕೈಗಾರಿಕೆಗಳಿಗೆ ಮುಂಚೆ 280 ಇತ್ತು, ಈಗ 420 ದಾಟಿದೆ. ಸೂರ್ಯನೇ ಹೆಚ್ಚು ಉರಿಯುತ್ತಿದ್ದಾನೆಯೇ ಎಂಬುದನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ. ಸುಮಾರು 11 ವರ್ಷಗಳ ಏರಿಳಿತ ಕಾಣುತ್ತದೆ, ಏರುಮುಖ ಕಾಣುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇದೆ. ಬಿಸಿಲು ಹೆಚ್ಚಿದ್ದರಿಂದ ಕಾಯುತ್ತಿದ್ದರೆ ವಾತಾವರಣದ ಕೆಳಗಿನ ಪದರದಂತೆ ಮೇಲಿನ ಸ್ತರಗೋಳವೂ ಕಾಯಬೇಕು. ಶಾಖವನ್ನು ಕೆಳಗೆ ತಡೆಹಿಡಿಯುವ ಅನಿಲ ಹೆಚ್ಚಿದ್ದರಿಂದ ಕಾಯುತ್ತಿದ್ದರೆ ಕೆಳಗಿನದು ಕಾದು ಮೇಲಿನದು ತಣ್ಣಗಾಗಬೇಕು. ದಶಕಗಳ ಉಪಗ್ರಹ ಅಳತೆಗಳಲ್ಲಿ ಕೆಳಗಿನ ಪದರ ಬಿಸಿಯಾಗಿದೆ, ಸ್ತರಗೋಳ ತಣ್ಣಗಾಗಿದೆ.